ಡಿಕ್ಕಿಯಲ್ಲೇ ಉಳಿದ ಬೀಗ

"ಕತ್ತೆ! ಬೀಗ ಕೊಟ್ಟು ಕಳಿಸಿದ್ರೂ ಬರೀ ಹಗ್ಗ ಕಟ್ಟಿದ್ದೀಯಲ್ಲೋ!"

ಹೋಟೆಲಿನ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಕಾರಿನ ನೆತ್ತಿಯಿಂದ ಕತ್ತರಿಸಿದ ಹಗ್ಗ ಜೋತಾಡುತ್ತಿತ್ತು. ಮಗನ ಫೋನ್ ಬಂದದ್ದೇ ಹೊರಟ ಈ ಅಪ್ಪನನ್ನು ಕರೆತಂದ ಆಟೊದವನಿಗೆ ಮೈ ಉರಿಯಿತು. ಮಕ್ಕಳ ಮಾನ ಕಳೆಯೋಕೆ ಅಪ್ಪಂದಿರಿಗೆ ಜನ ಸೇರಿರೋ ಜಾಗವೇ ಬೇಕು.

"ಊಟಕ್ಕೆ ಒಳಗೆ ಹೋಗಿದ್ದೆ ಅಪ್ಪ. ಅಷ್ಟರಲ್ಲಿ ಯಾರೋ ಹಾರಿಸಿಬಿಟ್ರು."

"ನೀರಲ್ಲಿ ನಿಂತು ಹುಟ್ಟು ಹಾಕೋ ಆಳೆತ್ತರದ ಪ್ಯಾಡಲ್‌ಬೋರ್ಡ್ ಕಣೋ ಅದು, ಕರ್ಚೀಫಾ? ನಾ ಕೊಟ್ಟ ಬೀಗದ ಪಟ್ಟಿ ಎಲ್ಲಿ?"

"ಡಿಕ್ಕೀಲಿದೆ."

"ನಿಮ್ಮಣ್ಣ ನೀರು ಕುಡಿಯೋಕೆ ಇಳಿದ್ರೂ ಅದಕ್ಕೆ ಬೀಗ ಹಾಕ್ತಿದ್ದ."

"ಹಾಕ್ತಿದ್ದ. ತಾನು ಮಾತ್ರ ಲೈಫ್ ಜಾಕೆಟ್ ಹಾಕ್ಕೊಳ್ದೆ ಕೆರೇಲಿ ಮುಳುಗಿ ಹೋದ."

ಆಟೊದವನು ತಲೆ ತಗ್ಗಿಸಿದ.

"ಅವನದು ಅಂತ ಉಳಿದಿದ್ದು ಅದೊಂದೇ ಕಣೋ." ಅಪ್ಪನ ದನಿ ಇಳಿದಿತ್ತು. "ನಿಮ್ಮಮ್ಮ ಅದನ್ನ ನಿಲ್ಲಿಸೋಕೆ ಅಂತ ಗೋಡೆ ಖಾಲಿ ಮಾಡಿ ಕಾಯ್ತಿದ್ದಾಳೆ."

"ದಿನಾ ಅದರ ಮುಖ ನೋಡ್ಕೊಂಡು ಅಮ್ಮ ಬದುಕ್ತಾಳಾ?"

ಅಪ್ಪ ಮಗನನ್ನೇ ದಿಟ್ಟಿಸಿದ. "ನಿಜ ಹೇಳು. ಬೇಕಂತಲೇ ಬೀಗ ಹಾಕಲಿಲ್ವಾ?"

ಮಗ ಕಾರಿನ ಕೀಯನ್ನು ಬಾನೆಟ್ ಮೇಲಿಟ್ಟ. ರಸ್ತೆ ದಾಟಿ ನಡೆದೇಬಿಟ್ಟ.