ಎಡಗೈಗೊಂದು ಗಿಳಿ

ಎನ್.ಆರ್.ಪುರ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಗೆ, ಊರುಗೋಲು ಕೆತ್ತುವ ಸಾಬರು ಹೊಸ ಕೋಲು ತಂದುಕೊಟ್ಟರು. ಹಿಡಿಯಲ್ಲಿ ಗಿಳಿಯ ತಲೆ ಇತ್ತು.

“ಗಿಳಿ ಚಂದ ಬಂದಿದೆ ಸಾಬ್ರೆ. ಹೆಬ್ಬೆರಳು ಕೂರೋ ಗುಳಿ ಮಾತ್ರ ಬಲಗೈಗೆ ಮಾಡಿದೀರಲ್ಲ!”

“ನೋವು ಬಲಗಾಲಿಗೆ ಅಂದ್ರಲ್ಲ ರಾಧಮ್ಮ?”

“ಬಲಗಾಲು ನೋವಾದ್ರೆ ಕೋಲು ಎಡಗೈಲಿ ಹಿಡೀಬೇಕಂತೆ ಮಾರಾಯ್ರೆ, ಡಾಕ್ಟ್ರು ಹೇಳಿದ್ರು.”

“ಸಾದಾ ಹಿಡಿ ಹಾಕ್ಲಾ? ನಾಳೆನೇ ಕೊಡ್ತೀನಿ.”

“ಸಾದಾ ಕೋಲಾದ್ರೆ ಎಲ್ರೂ ನನ್ನ ಕಾಲು ನೋಡ್ತಾರೆ. ಗಿಳಿ ಇದ್ರೆ ಗಿಳಿ ನೋಡ್ತಾರೆ. ಭಾನುವಾರ ಮೊಮ್ಮಗಳ ಮದುವೆ, ಮಂಟಪಕ್ಕೆ ನಾನು ನಡ್ಕೊಂಡೇ ಹೋಗ್ಬೇಕು.”

“ಇನ್ನು ಮೂರೇ ದಿನ ಇರೋದು!”

“ಗರಿ ಬೇಡ ಬಿಡಿ. ಕಣ್ಣು, ಕೊಕ್ಕು ಸಾಕು.”

ಶೆಟ್ಟಿಕೊಪ್ಪದ ಬಸ್ ಬಂತು. ಅಜ್ಜಿ ಕೋಲನ್ನು ಸಾಬರಿಗೇ ವಾಪಸ್ ಕೊಟ್ಟು, ಕಂಡಕ್ಟರನ ಕೈ ಹಿಡಿದು ಹತ್ತಿದರು. ಸಾಬರು ಕೋಲನ್ನು ಎಡಗೈಗೆ ಬದಲಾಯಿಸಿಕೊಂಡು, ಬೇಕೆಂದೇ ಬಲಗಾಲು ಕುಂಟುತ್ತಾ ಅಂಗಡಿಯತ್ತ ನಡೆದರು.