ಮಾತೃಭಾಷೆಗೆ ಬಹುಮಾನ

ಬ್ಯೂನಾ ವಿಸ್ಟಾದಲ್ಲಿ ಬಸ್ ಹತ್ತಿದ ತಾಯಿ, ಮಗಳು ನನ್ನ ಮುಂದಿನ ಸೀಟಿನಲ್ಲಿ ಕುಳಿತರು. ತಾಯಿ ರೇಷ್ಮೆ ಸೀರೆ ಉಟ್ಟಿದ್ದರು. ಮಗಳು ಸೆಕೆಂಡರಿ ಸ್ಕೂಲಿನ ಯೂನಿಫಾರ್ಮಿನಲ್ಲಿದ್ದಳು. ಇನ್ನೊಬ್ಬರ ಮಾತಿಗೆ ಕಿವಿಗೊಡುವುದು ಸರಿಯಲ್ಲ. ಆದರೆ ಪರದೇಶದ ಬಸ್ಸಿನಲ್ಲಿ ಕನ್ನಡ ಕೇಳಿಸಿತಲ್ಲ, ತಡೆಯಲಾಗಲಿಲ್ಲ.

“ಅಮ್ಮ, ಟೀಚರ್ ಮುಂದೆ ಕನ್ನಡ ಮಾತಾಡ್ಬೇಡ, ಪ್ಲೀಸ್.”

“ಯಾಕೆ ಲಾಸ್ಯಾ? ಮದರ್ ಟಂಗ್ ಪ್ರೈಜ್ ತಾನೇ ಕೊಡ್ತಿರೋದು?”

“ಹಿಂದಿಗಮ್ಮ! ಸ್ಕೂಲಲ್ಲಿ ನನ್ನ ಮದರ್ ಟಂಗ್ ಸಬ್ಜೆಕ್ಟ್ ಹಿಂದಿ. ಅಲ್ಲಿ ಕನ್ನಡ ಕಲಿಸಲ್ಲ ಅಂತ ನೀನೂ ಅಪ್ಪಾನೂ ತಾನೇ ಅದಕ್ಕೆ ಸೇರಿಸಿದ್ದು?”

“ಸೇರಿಸಿದ್ವಿ. ಅದಕ್ಕೆ ನಾನ್ಯಾಕೆ ಬಾಯಿ ಮುಚ್ಕೋಬೇಕು?”

“ಪ್ರೈಜ್ ಬಂದಿರೋ ಎಸ್ಸೇಲಿ ಹಿಂದಿ ನಿನ್ನಿಂದ್ಲೇ ಕಲ್ತೆ ಅಂತ ಬರ್ದಿದೀನಿ. ಚಿಕ್ಕವಳಿದ್ದಾಗ ದಿನಾ ಹಿಂದೀಲಿ ಕಥೆ ಹೇಳ್ತಿದ್ದೆ ಅಂತ.”

“ನಾನಾ? ನಂಗೆ ಟೊಮೇಟೊ ಕೊಳ್ಳೋವಷ್ಟೂ ಹಿಂದಿ ಬರಲ್ಲ!”

“ಅದಕ್ಕೇ ಸುಮ್ನೆ ನಗ್ತಾ ಇರಮ್ಮ. ಗಂಟಲು ಕೆಟ್ಟಿದೆ ಅಂತ ನಾನು ಹೇಳ್ತೀನಿ. ಗೊತ್ತಾದ್ರೆ ಪ್ರೈಜ್ ವಾಪಸ್ ತಗೋತಾರೆ.”

“ಚಪ್ಪಾಳೆ ಹೊಡೀಬಹುದಾ? ಇಲ್ಲ, ಅದನ್ನೂ ಹಿಂದೀಲೇ ಹೊಡೀಬೇಕಾ?”

“ಜೋಕ್ ಮಾಡ್ಬೇಡಮ್ಮ. ಸ್ಟೇಜ್ ಮೇಲೆ ನಿನ್ನನ್ನೂ ಕರೀತಾರೆ, ಇನ್ಸ್ಪಿರೇಷನ್ ಅಂತ.”

ಮಗಳು ಕೈಚಾಚಿ ಬೆಲ್ ಒತ್ತಿದಳು.

“ನೆಕ್ಸ್ಟ್ ಸ್ಟಾಪ್ ನಮ್ದೇ,” ಎಂದಳು ಮಗಳು. “ಇಳಿದ್ಮೇಲೆ ಒಂದು ಮಾತೂ ಆಡಂಗಿಲ್ಲ. ಪ್ರಾಮಿಸ್?”

“ಪ್ರಾಮಿಸ್. ಹಾಗಾದ್ರೆ ಹೇಳೋದನ್ನ ಈಗ್ಲೇ ಹೇಳ್ಬಿಡ್ತೀನಿ. ನಂಗೆ ತುಂಬಾ ಖುಷಿಯಾಗಿದೆ ಪುಟ್ಟಿ.”

ಬಸ್ ನಿಂತಿತು. ತಾಯಿ ಸೆರಗು ಸರಿಮಾಡಿಕೊಂಡು, ತುಟಿ ಬಿಗಿಹಿಡಿದು, ಮಗಳ ಹಿಂದೆ ಇಳಿದರು.