ಹಳ್ಳದ ಆಚಿ ಅಕ್ಕ

ಹಲೋ... ಹಾಂ, ಯಾರ್ರಿ ಮಾತಾಡೋದು? ನಂಬರ್ ಗುರ್ತು ಹತ್ತಲಿಲ್ಲ...

ಕಂಡಕ್ಟರಾ? ಯಾವ ಬಸ್ಸಿಂದ್ರಿ?... ಹೌದ್ರಿ, ನಾನೇ ಕಲ್ಲಿನಾಥ. ನಿಂಬರ್ಗಾದವನೇ... ಹೌದ್ರಿ, ಭಾಗ್ಯಜ್ಯೋತಿ ನಮ್ಮಕ್ಕ. ಕೊಡ್ರಿ, ಫೋನ್ ಆಕಿ ಕೈಯಾಗ ಕೊಡ್ರಿ...

ಅಕ್ಕಾ? ಎಲ್ಲಿದ್ದಿ? ಮುಂಜಾನಿಂದ ನಿನ್ನ ಫೋನ್ ಬಂದ್ ಅಂತ ಬರಾಕತ್ತದ... ಚಾರ್ಜ್ ಹೋಯ್ತಾ. ಹಾಂ, ಹಾಂ. ಆಮ್ಯಾಲ ಅಳು. ಮೊದ್ಲು ಎಲ್ಲಿದ್ದಿ ಹೇಳು...

ಅಫಜಲಪುರ ದಾಟಿರಿ, ಸರಿ. ಮತ್ತ ಬಸ್ ನಿಂತದ್ದ್ಯಾಕ?... ಹಳ್ಳ ಬಂದದಾ? ಇಲ್ಲಿ ಬಿಸಿಲದಲ್ಲಕ್ಕಾ! ಅಂಗಳದಾಗ ಬರಿಗಾಲಿಲೆ ನಿಂದ್ರಾಕ ಆಗವಲ್ದು... ಹಾಂ, ಮ್ಯಾಲಿನ ಊರಾಗ ಹೊಯ್ದಿರಬೇಕು. ಬ್ರಿಜ್ ಮ್ಯಾಲ ಹರಿಯಾಕತ್ತದಾ? ಪೂರಾ?...

ಅವ್ವನ್ನ ಕೂಡಿಸೇವಿ. ಪಡಸಾಲ್ಯಾಗ, ಗ್ವಾಡಿಗಿ ಆನಿಸಿ. ವಿಭೂತಿ ಹಚ್ಚ್ಯಾರ, ಮುಖ ಕಾಣ್ತದ... ಯಾವ ಸೀರಿ? ನನಗೇನು ಗೊತ್ತಕ್ಕಾ, ಸಾಬವ್ವ ಅತ್ತಿ ಉಡಿಸ್ಯಾಳ. ಹೊಸದದ...

ಇಲ್ಲ, ತ್ರಾಸೇನೂ ಆಗಿಲ್ಲ. ಬರೇ ಜ್ವರ ಇತ್ತಲ್ಲ. ನಸುಕಿನ್ಯಾಗ ನೀರು ಕೇಳಿದಳು, ಕೊಟ್ಟೆ, ಅರ್ಧ ಕುಡದಳು. ಅಷ್ಟ. ನಾ ಲೋಟ ಇಟ್ಟು ಹೊಳ್ಳೋದ್ರಾಗ ಮುಗದಿತ್ತು...

ಆ ಮಾತು ತೆಗೀಬ್ಯಾಡ. ಹೌದು, ನಿನ್ನಿ ಬರಬ್ಯಾಡ ಅಂದವಳು ಅವ್ವನೇ. ‘ನಾಡಿದ್ದು ಮಳಿ ಅದಂತ, ಉದ್ದು ಒಳಗ ಹಾಕಿ ಬಾ’ ಅಂದಳು. ನಾ ಬಾಜೂಕ ಕುಂತೇ ಕೇಳಾಕತ್ತಿದ್ದೆ. ಜ್ವರದಾಗೂ ಅದೇ ಹುಚ್ಚು. ಮೊಬೈಲಿಗಿ ದಿನಾ ಫೋನ್ ಬರ್ತದಲ್ಲ, ಆ ಹವಾಮಾನದ ಹುಡುಗಿ ದನಿ ಬಂತಂದ್ರ ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿಂದು ಪೂರಾ ಕೇಳಾಕಿ. ನಮ್ಮದು ಆಳಂದ ಸಾಕಲ್ಲವ್ವಾ ಅಂದ್ರ, ಜೇವರ್ಗ್ಯಾಗ ನಿಮ್ಮಕ್ಕನ ರಾಶಿ ಬಯಲಾಗ ಅದಲೇ ಅಂತಿದ್ದಳು...

ಆ ಹುಡುಗಿಗಿ ಬೈದು ಏನು ಮಾಡ್ತಿ? ಒಂದು ದಿನ ಹಿಂದ ಮುಂದ ಆಗ್ಯಾದ, ಅಷ್ಟ. ಮೋಡ ಏನು ಬಸ್ಸೇನು, ಟೈಮಿಗಿ ಬರಾಕ?... ನಿಮ್ಮ ಬಸ್ಸೂ ಬಂದಿಲ್ಲ ಬಿಡು...

ಇವತ್ತಿಂದು ಕೇಳೀನಿ. ಅವ್ವನ ಫೋನಿಗೇ ಬಂತು, ಮಂದಿ ಅಳೋ ಹೊತ್ತಿನ್ಯಾಗ. ನಾನೇ ಎತ್ತಿದೆ. ಬಿಸಿಲು ಇನ್ನ ಮುಗೀತಂತ. ಮಧ್ಯಾಹ್ನದ ಮ್ಯಾಲ ಆಳಂದ, ಅಫಜಲಪುರ ಕಡಿ ಗುಡುಗು ಮಳಿ. ಜೇವರ್ಗಿಗಿ ರಾತ್ರಿ. ಆಮ್ಯಾಲ ಎರಡು ದಿನ ಬಿಡಂಗಿಲ್ಲಂತ... ಹಾಂ, ಎರಡು ದಿನ. ರೈತರಿಗಿ ಚಲೋ ಸುದ್ದಿ ಅಂತ ಖುಷಿಲೆ ಹೇಳ್ಯಾಳ...

ಅದಕ್ಕೇ ಹೇಳಾಕತ್ತೇನಿ, ಕೇಳು. ಕುಣಿ ತೋಡೇವಿ. ಹೊಲದಾಗ, ಅಪ್ಪನ ಬಾಜೂಕ. ಒಳಗ ಕೂಡಿಸೋ ಗೂಡೂ ಕೊರದಾರ. ಕರಿ ಮಣ್ಣಕ್ಕಾ, ನಿನಗ ನಾ ಹೇಳಬೇಕಾ? ಒಂದು ದಪ್ಪನ ಮಳಿ ಬಿದ್ರ ಗೂಡು ಕುಸೀತದ. ಆಮ್ಯಾಲ ಅವ್ವನ್ನ ಎಲ್ಲಿ ಕೂಡಿಸೋದು, ರಾಡ್ಯಾಗ?...

ತಣ್ಣನ ಪೆಟ್ಟಿಗಿನಾ? ನನಗ ಹೊಳೀಲಿಲ್ಲಂತ ತಿಳದಿಯೇನು? ಆಳಂದದಿಂದ ತರಸ್ತೇನಿ ಅಂದೆ. ದೌಲತರಾಯ ಕಾಕಾ ಮಂದಿ ಮುಂದ ಒದರಿದ. ‘ಏ ಕಲ್ಯಾ, ಅದ್ರಾಗ ಮಲಗಿಸ್ಬೇಕಲೇ! ಕೂಡಿಸಿದಾಕಿನ್ನ ಮಲಗಿಸಿ ಮತ್ತ ಕೂಡಿಸ್ತಿಯಾ, ನಮ್ಮ ಅತ್ತಿಗಿ ಮಡಚೋ ಖುರ್ಚಿ ಏನಲೇ?’ ಅಂದ...

ನಗಾಕತ್ತಿಯೋ ಅಳಾಕತ್ತಿಯೋ?... ಕಾಕಾ ಹಂಗೇ. ಆದ್ರ ಖರೇ ಅದ. ನಮ್ಮಲ್ಲಿ ಕೂಡಿಸಿ ಮಣ್ಣು ಕೊಡೋದು. ಈಗ ಮೈ ಬಿಗದದ. ಮಲಗಿಸಾಕ ಹೋದ್ರ ಮುರೀಬೇಕಾಗ್ತದ...

ಬಾಜೂ ಮನಿ ಅಮೀರನ ಟ್ರ್ಯಾಕ್ಟರ್ ಕಳಸ್ಲಾ? ಹಳ್ಳದ ಈಚಿ ದಂಡಿಗಿ ಬಂದು ನಿಂದರ್ತಾನ. ನೀರು ಎಷ್ಟದ, ಜರಾ ಕಂಡಕ್ಟರ್‌ಗಿ ಕೇಳು...

ಎದಿಮಟ? ಬ್ಯಾಡ. ಬ್ಯಾಡ ಅಂದೆ! ಇಳದಿ ಅಂದ್ರ ನೋಡು ಮತ್ತ... ಹಗ್ಗ ಹಿಡದು ಯಾರು ದಾಟಾಕತ್ತಾರ? ಅವರು ದಾಟ್ಲಿ. ನಿನಗ ಈಜು ಬರ್ತದೇನು? ಇವತ್ತ ಒಂದು ಕುಣಿ ಸಾಕು ನನಗ...

ಸಿಟ್ಟಿಲ್ಲ. ಸಿಟ್ಟಿಲ್ಲ ಅಕ್ಕಾ. ಕಂಡಕ್ಟರ್ ಮೊಬೈಲ್‌ನಾಗ ವಿಡಿಯೋ ಬರ್ತದೇನು? ಮುಖ ತೋರಸ್ತೇನಿ... ಬಟನ್ ಫೋನಾ? ಬಸ್ಸಿನ್ಯಾಗ ಮತ್ತ ಯಾರದರೆ... ನೆಟ್ ಇಲ್ಲಾ. ಯಾರದೂ ಇಲ್ಲಾ?...

ಹಾಂ, ಕಲಬುರಗಿ ಮ್ಯಾಲ ಹಾಯ್ದು ಬರಬಹುದು. ಹಿಂದಕ್ಕ ಅಫಜಲಪುರ, ಅಲ್ಲಿಂದ ಕಲಬುರಗಿ, ಅಲ್ಲಿಂದ ಆಳಂದ, ಅಲ್ಲಿಂದ ಇಲ್ಲಿ. ಕತ್ತಲಾಗ್ತದ. ಅಷ್ಟೊತ್ತನ ಮಳಿ ಸುಮ್ನಿರ್ತದೇನು?...

ಯಾರೂ ಗಡಿಬಿಡಿ ಮಾಡಾಕತ್ತಿಲ್ಲ. ಖರೇ ಹೇಳ್ತೇನಿ. ಕಾಕಾನೇ ಎಲ್ಲರಿಗಿ ಸುಮ್ನ ಕೂಡಿಸ್ಯಾನ. ಮಗಳು ಮುಖ ನೋಡದೇ ಎತ್ತಂಗಿಲ್ಲ, ಎತ್ತಬೇಕಂದ್ರ ಆಕಿನೇ ಹೂಂ ಅನಬೇಕು ಅಂದಾನ. ನಾಳಿ ಆಕಿ ತವರಮನಿ ಹೊಸ್ತಿಲಾಗ ನಿಂತು ನನಗ ಯಾಕ ಕಾಯಲಿಲ್ಲ ಅಂದ್ರ ಯಾರು ಜವಾಬು ಕೊಡ್ತೀರಿ ಅಂತ ಕೇಳ್ಯಾನ...

ಅದಕ್ಕೇ ನಿನ್ನ ಕೇಳಾಕತ್ತೇನಿ...

ಇಲ್ಲ, ಮಳಿ ಬಂದಿಲ್ಲ. ಮೋಡ ಆಗ್ಯಾದ... ಹಾಂ, ಗುಡುಗೇ ಅದು. ನಿನಗೂ ಕೇಳ್ತಾ? ಈಗ ಗಾಳಿ ಬಿಟ್ಟದ, ತಣ್ಣಗ. ಅಂಗಳದ ಮಂದಿ ಎಲ್ಲಾ ಮ್ಯಾಲ ನೋಡಾಕತ್ತಾರ...

ಒಂದು ತಾಸು? ಒಂದು ತಾಸಿನ್ಯಾಗ ಹಳ್ಳ ಇಳೀತದಂತ ಯಾರು ಹೇಳಿದ್ರು?... ಡ್ರೈವರಾ. ಹಿಂದ ಇನ್ನೂ ಮಳಿ ಅದ ಅಂತಾನಲ್ಲ, ಮತ್ತ ಹ್ಯಾಂಗ ಇಳೀತದ? ಅಳಾಕತ್ತಿ ಅಂತ ನಿನ್ನ ಮುಂದ ಹಂಗ ಅಂದಾನ...

ನಾಳಿತನಾ ಇಡಾಕ ಬರಂಗಿಲ್ಲ ಅಕ್ಕಾ. ಹೇಳಬಾರದಂತ ಮಾಡಿದ್ದೆ. ಮುಂಜಾನಿಂದ ಬಿಸಿಲು ಹ್ಯಾಂಗಿತ್ತು, ತಗಡಿನ ಪತ್ರಾಸ್ ಹೊದಿಸಿದ ಮನಿ ನಮ್ಮದು. ಮುಖದ ಬಣ್ಣ ಬದಲಾಗ್ಯಾದ. ತುಟಿ ಬಾತದ. ಸಾಬವ್ವ ಅತ್ತಿ ಎರಡು ಸಲ ವಿಭೂತಿ ಹಚ್ಚಿ ಮುಚ್ಚ್ಯಾಳ. ನೀ ನಾಳಿ ಬಂದ್ರೂ ಈ ಮುಖ ಸಿಗಂಗಿಲ್ಲ. ಬ್ಯಾರೆ ಒಂದು ನೋಡಿ ಹೋಗ್ತಿ, ಜನ್ಮ ಪೂರಾ ಅದೇ ಕಣ್ಣ ಮುಂದ ಇರ್ತದ...

ಗೊತ್ತದ. ನಿನಗೊಬ್ಬಾಕಿಗೇ ಅವ್ವ ಅಲ್ಲ, ನನಗೂ ಅವ್ವನೇ. ನನಗೂ ಎತ್ತೋ ಮನಸಿಲ್ಲ. ಎತ್ತಿದ್ರ ಪಡಸಾಲ್ಯಾಗ ಬರೇ ಗ್ವಾಡಿ ಉಳೀತದ...

ಬಂದ್ವು. ಹನಿ ಬಂದ್ವು ಅಕ್ಕಾ. ಪತ್ರಾಸ್ ಮ್ಯಾಲ ಸಪ್ಪಳ ಕೇಳ್ತೇನು?... ಒಂದೊಂದೇ. ದಪ್ಪ ಅವ...

ಅಮೀರ ಕುಣಿ ಮ್ಯಾಲ ತಾಡಪತ್ರಿ ಹಾಕಾಕ ಓಡ್ಯಾನ. ಅದು ಎಷ್ಟೊತ್ತು ತಡೀತದ? ಸುತ್ತಿನ ನೀರು ಒಳಗ ಇಳೀತದಲ್ಲ... ಹೂಂ ಅನ್ನು. ಒಂದು ಸಲ ಹೂಂ ಅನ್ನು, ಸಾಕು. ಕಾಕಾ ಇಲ್ಲೇ ಬಾಗಿಲಾಗ ನಿಂತಾನ, ನನ್ನ ಬಾಯಿನೇ ನೋಡಾಕತ್ತಾನ...

ಬ್ಯಾಡ ಅಂತಿ. ಮತ್ತ ಬ್ಯಾಡ ಅಂತಿ. ಎಷ್ಟು ಸಲ ಅದೇ ಅಂತಿ?... ನಾ ಒತ್ತಾಯ ಮಾಡಾಕತ್ತಿಲ್ಲ. ಕೇಳಾಕತ್ತೇನಿ... ಅಕ್ಕಾ, ಕೈ ಮುಗೀತೇನಿ, ಮಳಿ ಜೋರಾಯ್ತು...

ಅಕ್ಕಾ?... ಸುಮ್ನ ಇರಬ್ಯಾಡ, ಏನರೆ ಅನ್ನು... ಹಲೋ? ಕಂಡಕ್ಟರ್ರ, ಹಲೋ... ಹಲೋ...

ಹಾಂ ಕಾಕಾ... ಹೌದು, ಆಕಿನೇ ಇದ್ದಳು... ಅಂದಳು. ಅಕ್ಕ ಹೂಂ ಅಂದಳು. ಎತ್ರಿ.